ಕಾಡಿನ ಶಿಬಿರದಿಂದ ರಣಾಂಗಣಕ್ಕೆ: ಒಂದು ಬಗೆಯ ಜೀವನಕಥನದ ವಿಮರ್ಶೆ

೧

ಒಬ್ಬ ಮನುಷ್ಯನು ತನ್ನ ಬಾಳನ್ನು ಹೇಳಿಕೊಳ್ಳುವಾಗ ಯಾವುದನ್ನು ಮೊದಲಿಡುತ್ತಾನೆ, ಯಾವುದನ್ನು ಕೊನೆಗಿಡುತ್ತಾನೆ, ಯಾವುದನ್ನು ಯಾವುದಕ್ಕೆ ಕಾರಣವೆಂದು ಸೂಚಿಸುತ್ತಾನೆ ಎಂಬುದರಲ್ಲಿಯೇ ಅವನು ಆ ಬಾಳಿಗೆ ಕೊಟ್ಟ ಅರ್ಥವು ಅಡಗಿರುತ್ತದೆ. ಆದುದರಿಂದ ನೆನಪಿನ ಬರಹಗಳೂ, ಇತರರು ಕೇಳಿ ಬರೆದುಕೊಂಡ ಬಾಯ್ಮಾತಿನ ಕಥನಗಳೂ ಕಾದಂಬರಿ ನಾಟಕಗಳಂತೆಯೇ ವಿಮರ್ಶೆಯ ಪರೀಕ್ಷೆಗೆ ಒಳಗಾಗತಕ್ಕವು. ಈ ಲೇಖನದಲ್ಲಿ ನಾವು ಅಂಥ ಒಂದು ಕಥನವರ್ಗವನ್ನು ವಿಚಾರಿಸಲು ಹೊರಟಿದ್ದೇವೆ. ೧೯೩೦ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನದ ಕಾಡುಗಳಲ್ಲಿ ಗಿಡ ನೆಟ್ಟು, ಮಣ್ಣು ಉಳಿಸಿ, ಅನಂತರ ಎರಡನೆಯ ಮಹಾಯುದ್ಧದಲ್ಲಿ ಸಿಪಾಯಿಗಳಾದ ಯುವಕರ ಕಥನಗಳೇ ಅವು.

ಈ ಕಥನಗಳ ಮೈಕಟ್ಟು ಬಹುಮಟ್ಟಿಗೆ ಒಂದೇ ತೆರನಾದದ್ದು. ಮನೆಯಲ್ಲಿ ಕೆಲಸವಿಲ್ಲದ ತಂದೆ, ಹೊಟ್ಟೆ ತುಂಬದ ತಮ್ಮ ತಂಗಿಯರು, ಸರ್ಕಾರದ ಶಿಬಿರಕ್ಕೆ ಹೆಸರು ಬರೆಯಿಸುವುದು, ವೈದ್ಯ ಪರೀಕ್ಷೆ, ರೈಲು, ಲಾರಿ, ಕಂಡರಿಯದ ಬೆಟ್ಟ, ದಿನಕ್ಕೆ ಮೂರು ಹೊತ್ತಿನ ಊಟ, ಹಾರೆ, ಪಿಕಾಸಿ, ಕೊಡಲಿ, ಮೈತುಂಬಿಕೊಂಡ ಹುಡುಗ, ಆಮೇಲೆ ಯುದ್ಧ. ಇಲ್ಲಿ ಶಿಬಿರವು ಮೊದಲ ಮೆಟ್ಟಿಲು, ಸೈನ್ಯವು ಎರಡನೆಯದು. ಒಂದನ್ನು ಏರಿದವನೇ ಮತ್ತೊಂದಕ್ಕೆ ಅರ್ಹನಾದನು ಎಂಬ ಭಾವನೆ ಹೇಳದೆಯೂ ಧ್ವನಿತವಾಗುತ್ತದೆ. ಈ ಜೋಡಣೆಯನ್ನು ನಾವು ಸೋಪಾನಕ್ರಮವೆಂದು ಕರೆಯೋಣ.

ಸೋಪಾನಕ್ರಮವು ಕಥೆಗೆ ಅಂದವನ್ನೂ ಅಡಕವನ್ನೂ ಕೊಡುತ್ತದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಶಾಂತಿಕಾಲದ ಒಂದು ಸತ್ಕಾರ್ಯವನ್ನು ಯುದ್ಧದ ಪೂರ್ವಾಭ್ಯಾಸವನ್ನಾಗಿ ಮಾಡಿ, ಅದಕ್ಕೆ ತನ್ನದೇ ಆಗಿದ್ದ ಬೆಲೆಯನ್ನು ಕಿತ್ತುಕೊಳ್ಳುತ್ತದೆ ಎಂಬುದು ನಮ್ಮ ಅಭಿಪ್ರಾಯ. ಇದು ಅಮೆರಿಕದವರ ಚರಿತ್ರೆಗೆ ಮಾತ್ರ ಸಂಬಂಧಿಸಿದ ತಕರಾರಲ್ಲ. ಕೆರೆ ಕಟ್ಟುವವನ ಬಾಳಿಗೂ ಕಾಳಗದಲ್ಲಿ ಬೀಳುವವನ ಬಾಳಿಗೂ ಏನು ಸಂಬಂಧವೆಂಬುದು ಕನ್ನಡ ಸಾಹಿತ್ಯವೂ ಶಾಸನಗಳೂ ಬಹುಕಾಲದಿಂದ ಎದುರಿಸಿರುವ ಪ್ರಶ್ನೆ.

೨

ಮೊದಲು ವಸ್ತುಸ್ಥಿತಿಯನ್ನು ಸಂಗ್ರಹವಾಗಿ ಹೇಳುವುದು ಅವಶ್ಯಕ. ೧೯೩೩ರ ಮಾರ್ಚಿ ೪ರಂದು ಅಧಿಕಾರ ವಹಿಸಿಕೊಂಡ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರು ಅದೇ ತಿಂಗಳ ೩೧ರಂದು ಒಂದು ಶಾಸನಕ್ಕೆ ಸಹಿ ಹಾಕಿದರು. ಅದರಿಂದ ಹುಟ್ಟಿದ ಸಂಸ್ಥೆಯೇ ಸಿವಿಲಿಯನ್ ಕನ್ಸರ್ವೇಷನ್ ಕೋರ್. ಕನ್ನಡದಲ್ಲಿ ಪೌರ ಸಂರಕ್ಷಣಾ ದಳವೆನ್ನಬಹುದು. ಏಪ್ರಿಲ್ ೧೭ರಂದು ವರ್ಜೀನಿಯಾದ ಕಾಡಿನಲ್ಲಿ ಮೊದಲನೆಯ ಶಿಬಿರ ಪ್ರಾರಂಭವಾಯಿತು. ಮದುವೆಯಾಗದ, ಕೆಲಸವಿಲ್ಲದ, ಮೊದಮೊದಲು ೧೮ರಿಂದ ೨೫ ವರ್ಷ ವಯಸ್ಸಿನ ಯುವಕರಿಗೆ ಅಲ್ಲಿ ಪ್ರವೇಶ. ಕರಾರು ಆರು ತಿಂಗಳಿನದು. ತಿಂಗಳಿಗೆ ೩೦ ಡಾಲರು ಸಂಬಳ. ಅದರಲ್ಲಿ ಸಾಮಾನ್ಯವಾಗಿ ೨೫ ಡಾಲರು ನೇರವಾಗಿ ಮನೆಗೆ ಹೋಗುತ್ತಿತ್ತು, ಹುಡುಗನ ಕೈಗೆ ಉಳಿಯುತ್ತಿದ್ದುದು ಐದು. ೧೯೩೫ರಲ್ಲಿ ಶಿಬಿರವಾಸಿಗಳ ಸಂಖ್ಯೆ ಐದು ಲಕ್ಷವನ್ನು ಮುಟ್ಟಿತು. ೧೯೪೨ರ ಜೂನ್ ೩೦ರಂದು ದಳವು ಕೊನೆಗೊಳ್ಳುವ ಹೊತ್ತಿಗೆ ಸುಮಾರು ೩೦ ಲಕ್ಷ ಮಂದಿ ಅದರ ಮೂಲಕ ಹಾದುಹೋಗಿದ್ದರು. ಸುಮಾರು ೩೦೦ ಕೋಟಿ ಗಿಡಗಳನ್ನು ನೆಟ್ಟಿದ್ದರು. ಕೊಚ್ಚಿಹೋಗುತ್ತಿದ್ದ ಮಣ್ಣಿಗೆ ಒಡ್ಡು ಹಾಕಿದುದು, ಕಾಡಿನಲ್ಲಿ ರಸ್ತೆ ಕಡಿದುದು, ಕಾಳ್ಗಿಚ್ಚಿನೊಡನೆ ಹೋರಾಡಿದುದು ಇದಕ್ಕೆ ಹೊರತಾದ ಕೆಲಸ.

ಈ ಲೆಕ್ಕದ ಜೊತೆಗೆ ಅದರ ಕುಂದುಗಳನ್ನೂ ಹೇಳಬೇಕು. ಕರಿಯ ಜನಾಂಗದ ಯುವಕರು ಸುಮಾರು ಎರಡು ಲಕ್ಷ ಮಂದಿ ದಳದಲ್ಲಿದ್ದರು. ಆದರೆ ೧೯೩೫ರಿಂದ ಅವರನ್ನು ಪ್ರತ್ಯೇಕ ಶಿಬಿರಗಳಲ್ಲಿಡುವುದೇ ನಿಯಮವಾಯಿತು. ಹೆಂಗಸರಿಗೆ ದಳದಲ್ಲಿ ಸ್ಥಾನವೇ ಇರಲಿಲ್ಲ. ಸೋಪಾನಕ್ರಮದ ಕಥನಗಳು ಎಲ್ಲರೂ ಸಮಾನರಾಗಿ ಬದುಕಿದ ಶಿಬಿರವನ್ನು ಸ್ಮರಿಸಿಕೊಳ್ಳುವಾಗ ಆ ಸಮಾನತೆಯ ಬೇಲಿ ಎಲ್ಲಿತ್ತೆಂಬುದನ್ನು ವಾಚಕನು ಮರೆಯಬಾರದು.

೩

ಈ ದಳದ ಮಾತು ಬಂದಾಗಲೆಲ್ಲ ವಿದ್ವಾಂಸರು ತತ್ತ್ವಜ್ಞಾನಿ ವಿಲಿಯಂ ಜೇಮ್ಸನ ಪ್ರಬಂಧವೊಂದನ್ನು ನೆನೆಯುವುದುಂಟು. ೧೯೦೬ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಮಾಡಿದ ಭಾಷಣ ಅದರ ಮೂಲ. ೧೯೧೦ರಲ್ಲಿ, ಅವನು ತೀರಿಕೊಂಡ ವರ್ಷವೇ, ಅದು ಅಚ್ಚಾಯಿತು. ಯುದ್ಧಕ್ಕೆ ನೈತಿಕವಾಗಿ ಸಮನಾದದ್ದೊಂದು ಬೇಕೆಂಬುದು ಅದರ ತಿರುಳು. ಧೈರ್ಯ, ಶಿಸ್ತು, ಒಡನಾಟ, ಸ್ವಾರ್ಥತ್ಯಾಗ ಎಂಬ ಗುಣಗಳನ್ನು ಯುದ್ಧವು ಬೆಳೆಸುತ್ತದೆ. ಯುದ್ಧವನ್ನು ಬಿಡಬೇಕಾದರೆ ಆ ಗುಣಗಳಿಗೆ ಬೇರೊಂದು ಗರಡಿ ಬೇಕು. ಆದ್ದರಿಂದ ದೇಶದ ತರುಣರನ್ನೆಲ್ಲ ಕೆಲವು ವರ್ಷ ಗಣಿಗೆ, ರಸ್ತೆಗೆ, ಸುರಂಗಕ್ಕೆ, ಮೀನುದೋಣಿಗೆ ಕಳುಹಿಸಬೇಕು ಎಂದು ಅವನ ವಾದ.

ವಾದವು ಉದಾತ್ತವಾದದ್ದು. ಆದರೂ ಅದರಲ್ಲಿ ಎರಡು ತೊಡಕುಗಳು ನಮಗೆ ಕಾಣುತ್ತವೆ. ಜೇಮ್ಸನು ಕಲ್ಪಿಸಿದ್ದು ಪ್ರಕೃತಿಯ ಮೇಲೆ ದಂಡೆತ್ತಿ ಹೋಗುವ ಸೇನೆಯನ್ನು. ೧೯೩೩ರಲ್ಲಿ ಹುಟ್ಟಿದ್ದಾದರೋ ಪ್ರಕೃತಿಯನ್ನು ಕಾಯುವ ದಳ. ಗೆಲ್ಲುವುದಕ್ಕೂ ಕಾಯುವುದಕ್ಕೂ ಬೇಕಾದ ಮನೋಧರ್ಮ ಒಂದೇ ಅಲ್ಲ. ಗೆಲ್ಲಲು ಆವೇಶ ಸಾಕು; ನೆಟ್ಟ ಗಿಡ ಮರವಾಗುವುದನ್ನು ನೋಡಲು ತಾಳ್ಮೆ ಬೇಕು. ಎರಡನೆಯ ತೊಡಕು ಇನ್ನೂ ಆಳವಾದದ್ದು. ಒಂದು ಕೆಲಸವನ್ನು ಯುದ್ಧಕ್ಕೆ ಸಮವೆಂದು ಹೊಗಳಿದೊಡನೆ ಯುದ್ಧವೇ ಅಳತೆಗೋಲಾಗಿ ಉಳಿಯುತ್ತದೆ. ಯಾವುದನ್ನು ಕೆಳಗಿಳಿಸಲು ಹೊರಟೆವೋ ಅದನ್ನೇ ಪೀಠದ ಮೇಲೆ ಕೂರಿಸಿದಂತಾಗುತ್ತದೆ. ರೂಸ್‌ವೆಲ್ಟರೂ ತಮ್ಮ ಮೊದಲ ಭಾಷಣದಲ್ಲಿ ಮುಗ್ಗಟ್ಟನ್ನು ಯುದ್ಧದ ವಿಪತ್ತಿಗೆ ಹೋಲಿಸಿದರು; ಜನರು ಆ ಶಿಬಿರವಾಸಿಗಳನ್ನು ಮರಗಳ ಸೇನೆಯೆಂದು ಕರೆದರು. ಹೀಗೆ ಯುದ್ಧ ಬರುವುದಕ್ಕೆ ಬಹಳ ಮುಂಚೆಯೇ ಯುದ್ಧದ ಭಾಷೆ ಬಂದು ನಿಂತಿತ್ತು. ಸೋಪಾನಕ್ರಮದ ಬೀಜ ಆ ರೂಪಕದಲ್ಲಿಯೇ ಇದೆ.

೪

ಇನ್ನು ಸೋಪಾನಕ್ರಮವನ್ನು ಸಂಗತಿಗಳ ಮುಂದಿಟ್ಟು ನೋಡೋಣ. ಅದರ ಪರವಾಗಿ ಹೇಳಬಹುದಾದದ್ದು ಸ್ವಲ್ಪವೇನಲ್ಲ. ಶಿಬಿರಗಳ ಆಡಳಿತ ಸೈನ್ಯದ ಕೈಯಲ್ಲಿತ್ತು. ಮುಂದೆ ೧೯೩೯ರಲ್ಲಿ ಅಮೆರಿಕ ಸೈನ್ಯದ ಮುಖ್ಯಸ್ಥನಾದ ಜಾರ್ಜ್ ಮಾರ್ಷಲ್ ಜಾರ್ಜಿಯಾ, ದಕ್ಷಿಣ ಕ್ಯಾರೊಲಿನಾ, ವ್ಯಾಂಕೂವರ್ ಬ್ಯಾರಕ್ಸ್ ಮುಂತಾದೆಡೆಗಳಲ್ಲಿದ್ದಾಗ ಈ ಶಿಬಿರಗಳ ಮೇಲ್ವಿಚಾರಣೆ ನಡೆಸಿದ್ದನು. ಸಾಲಾಗಿ ಹಾಸಿದ ಮಂಚ, ಗಂಟೆಗೆ ಸರಿಯಾಗಿ ಏಳುವುದು, ಅಪರಿಚಿತರೊಡನೆ ಹೊಂದಿಕೊಂಡು ಬಾಳುವುದು, ಲಾರಿ ನಡೆಸುವುದು, ನೂರಾರು ಮಂದಿಗೆ ಅಡಿಗೆ ಮಾಡುವುದು, ಓದುಬರಹ ಬಾರದವರು ಅಕ್ಷರ ಕಲಿಯುವುದು, ಇವೆಲ್ಲ ಸೈನ್ಯಕ್ಕೆ ಉಪಯೋಗವಾದವು. ಇದನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ.

ಆದರೆ ಉಪಯೋಗವಾದದ್ದಕ್ಕೂ ಉದ್ದೇಶವಾಗಿದ್ದದ್ದಕ್ಕೂ ಇರುವ ಭೇದವನ್ನು ಕಥೆಗಾರನು ಮರೆತರೂ ವಿಮರ್ಶಕನು ಮರೆಯಲಾಗದು. ಮಸೂದೆಯ ಕಾಲದಲ್ಲಿಯೇ ಕಾರ್ಮಿಕ ನಾಯಕ ವಿಲಿಯಂ ಗ್ರೀನ್ ಇದರಲ್ಲಿ ಫ್ಯಾಸಿಸಂ ಹಿಟ್ಲರ್‌ವಾದಗಳ ವಾಸನೆಯಿದೆಯೆಂದು ವಿರೋಧಿಸಿದ್ದನು. ಆ ಶಂಕೆಯನ್ನು ಹೋಗಲಾಡಿಸಲೆಂದೇ ಕಾರ್ಮಿಕ ಸಂಘದವನಾದ ರಾಬರ್ಟ್ ಫೆಕ್ನರನನ್ನು ನಿರ್ದೇಶಕನನ್ನಾಗಿ ನೇಮಿಸಲಾಯಿತು. ಹುಡುಗರಿಗೆ ಬಂದೂಕು ಕೊಡಲಿಲ್ಲ; ಕವಾಯತು ಮಾಡಿಸಲಿಲ್ಲ. ೧೯೪೦ರಲ್ಲಿ ಯುದ್ಧದ ಮೋಡ ಕವಿದಾಗಲೂ ಮೊದಲು ಒಪ್ಪಿಗೆ ದೊರೆತದ್ದು ಆಯುಧಕ್ಕೆ ಸಂಬಂಧಿಸದ ತರಬೇತಿಗೆ. ಅದೇ ಕಾಲದ ಜರ್ಮನಿಯಲ್ಲಿ ೧೯೩೫ರಲ್ಲಿ ಶ್ರಮಸೇವೆಯು ಕಡ್ಡಾಯವಾಗಿ, ಸೈನ್ಯಸೇವೆಗೆ ಮುಂಚಿನ ಮೆಟ್ಟಿಲೇ ಆಗಿ ಏರ್ಪಟ್ಟಿತು. ಅಲ್ಲಿ ಸೋಪಾನಕ್ರಮವು ರಾಜ್ಯದ ನೀತಿಯಾಗಿತ್ತು. ಅಮೆರಿಕದಲ್ಲಿ ಅದು ಹಿಂದಿರುಗಿ ನೋಡಿದವರು ಕಟ್ಟಿದ ಕಥೆ. ಎರಡನ್ನೂ ಒಂದೇ ಅಚ್ಚಿನಲ್ಲಿ ಎರೆಯುವುದು ಅನ್ಯಾಯ.

ಒಬ್ಬೊಬ್ಬರ ಬಾಳನ್ನು ತೆಗೆದುಕೊಂಡರೂ ಮೆಟ್ಟಿಲುಗಳ ನಡುವೆ ಸಂದುಗಳು ಕಾಣುತ್ತವೆ. ಮುಂದೆ ಹಾಸ್ಯನಟನಾಗಿ ಪ್ರಸಿದ್ಧನಾದ ವಾಲ್ಟರ್ ಮ್ಯಾಥೋ ಮೊಂಟಾನಾದ ಕಾಡಿನಲ್ಲಿ ದಳದ ಕೆಲಸ ಮಾಡಿದವನು. ಯುದ್ಧದಲ್ಲಿ ಇಂಗ್ಲೆಂಡಿನಿಂದ ಹಾರುತ್ತಿದ್ದ ಅಮೆರಿಕದ ಬಾಂಬರು ಪಡೆಯಲ್ಲಿ ರೇಡಿಯೋ ಕೆಲಸದವನಾಗಿದ್ದನು. ಎರಡರ ನಡುವೆ ಅವನು ಬೇರೆ ಬೇರೆ ಸಣ್ಣ ಕೆಲಸಗಳನ್ನು ಹಿಡಿದು ಬಿಟ್ಟಿದ್ದನು. ಈ ಬಾಳಿನಲ್ಲಿ ಕಾಡೂ ಉಂಟು, ಯುದ್ಧವೂ ಉಂಟು. ಒಂದರಿಂದ ಒಂದು ಹುಟ್ಟಿತೆನ್ನಲು ಆಧಾರವಿಲ್ಲ. ಸ್ಟಡ್ಸ್ ಟರ್ಕೆಲ್ ೧೯೭೦ರಲ್ಲಿ ಪ್ರಕಟಿಸಿದ 'ಹಾರ್ಡ್ ಟೈಮ್ಸ್' ಎಂಬ ಮೌಖಿಕ ಕಥನಗಳ ಸಂಕಲನದಲ್ಲಿ ಒಬ್ಬನು ತಾನು ಮತ್ತೆ ಮತ್ತೆ ಶಿಬಿರಕ್ಕೆ ಮರಳಿದ ಬಗೆಯನ್ನು ಹೇಳಿದ್ದಾನೆ. ಆರು ತಿಂಗಳು ಮುಗಿಸಿ ಮನೆಗೆ ಬಂದನು, ಕೆಲಸ ಹುಡುಕಿದನು, ತಿಂಗಳಿಗೆ ಮೂವತ್ತು ಡಾಲರು ಹೊರಗೆಲ್ಲೂ ಹುಟ್ಟಲಿಲ್ಲ, ತಿರುಗಿ ಹೆಸರು ಬರೆಯಿಸಿದನು. ಮಿಶಿಗನ್ನಿನಲ್ಲಿ ಗಿಡ ನೆಟ್ಟನು, ಐಡಾಹೋದಲ್ಲಿ ಕಾಳ್ಗಿಚ್ಚು ನಂದಿಸಿದನು. ಇಲ್ಲಿ ಏರಿಕೆಯಿಲ್ಲ, ಒಂದೇ ಬಾಗಿಲಿಗೆ ಮೂರು ಸಲ ಬರುವುದಿದೆ. ಹಸಿವಿನ ಕಥೆಯ ನಿಜವಾದ ಗತಿ ಇದೇ ಎಂದು ನಮಗೆ ತೋರುತ್ತದೆ.

ಅದೇ ಟರ್ಕೆಲ್ ೧೯೮೪ರಲ್ಲಿ ಯುದ್ಧದ ನೆನಪುಗಳನ್ನು ಬೇರೆ ಗ್ರಂಥವಾಗಿ ಹೊರತಂದನು. 'ಒಳ್ಳೆಯ ಯುದ್ಧ' ಎಂಬರ್ಥದ ಅದರ ಹೆಸರನ್ನು ಉದ್ಧರಣ ಚಿಹ್ನೆಗಳ ನಡುವೆ ಇಟ್ಟುದೇ ವಿಶೇಷ. ಆ ವಿಶೇಷಣಕ್ಕೂ ಆ ನಾಮಪದಕ್ಕೂ ಹೊಂದಿಕೆಯಿಲ್ಲವೆಂದು ಅವನೇ ವಿವರಿಸಿದ್ದಾನೆ. ಒಂದೇ ತಲೆಮಾರಿನ ಬಾಳನ್ನು ಎರಡು ಪುಸ್ತಕಗಳಾಗಿ ವಿಂಗಡಿಸಿ, ಎರಡನೆಯದರ ಹೆಸರಿನ ಮೇಲೆ ಸಂಶಯದ ಗೆರೆ ಎಳೆದ ಈ ಸಂಪಾದಕನು ಸೋಪಾನಕ್ರಮಕ್ಕೆ ಸುಲಭವಾಗಿ ಒಪ್ಪಲಿಲ್ಲವೆಂದೇ ನಾವು ತಿಳಿಯುತ್ತೇವೆ.

ಶಿಬಿರದ ಕಟ್ಟಡಗಳ ಮುಂದಿನ ಗತಿಯೂ ಇದನ್ನೇ ಸಾರುತ್ತದೆ. ೧೯೪೧ರ ಮೇ ತಿಂಗಳಲ್ಲಿ ಮೇರಿಲ್ಯಾಂಡಿನ ಪಟಾಪ್ಸ್ಕೊ ಎಂಬಲ್ಲಿ, ದಳವು ಬಿಟ್ಟುಹೋದ ಶಿಬಿರದಲ್ಲಿ, ಮನಸ್ಸಾಕ್ಷಿಯ ಕಾರಣದಿಂದ ಆಯುಧ ಹಿಡಿಯಲೊಲ್ಲದ ಯುವಕರನ್ನು ತಂದಿರಿಸಲಾಯಿತು. ಅಂಥವರು ಸಂಬಳವಿಲ್ಲದೆ ಅದೇ ಕಾಡು ಕಾಯುವ, ಮಣ್ಣು ಉಳಿಸುವ ಕೆಲಸವನ್ನು ಮುಂದುವರಿಸಿದರು. ೧೯೪೩ರಲ್ಲಿ ಯೂಟಾದ ಮೋಆಬ್ ಬಳಿಯ ಮತ್ತೊಂದು ಹಳೆಯ ಶಿಬಿರವು ಜಪಾನೀ ಮೂಲದ ಅಮೆರಿಕನರಲ್ಲಿ ಕೆಲವರನ್ನು ಕೂಡಿಹಾಕುವ ಸೆರೆಮನೆಯಾಯಿತು. ಹೀಗೆ ಒಂದೇ ಬಗೆಯ ಮರದ ಜೋಪಡಿಗಳಿಂದ ಸೈನ್ಯಕ್ಕೂ, ಸೈನ್ಯದ ನಿರಾಕರಣೆಗೂ, ಸೆರೆಗೂ ದಾರಿಗಳು ಹೊರಟವು. ಸೈನ್ಯದ ದಾರಿಯಲ್ಲಿ ನಡೆದವರು ಹೆಚ್ಚು ಮಂದಿ ಎಂಬುದರಿಂದ ಅದೊಂದೇ ದಾರಿಯೆಂದು ಹೇಳಲಾಗದು.

೫

ಇನ್ನು ನಮ್ಮ ನೆಲದ ಕಡೆ ತಿರುಗೋಣ. ಇಲ್ಲಿ ಮುಗ್ಗಟ್ಟು ಇರಲಿಲ್ಲವೆಂದಲ್ಲ. ಮೈಸೂರು ಸಂಸ್ಥಾನದಲ್ಲಿ ಆ ಕಾಲಕ್ಕೆ ಇರ್ವಿನ್ ನಾಲೆಯ ಕೆಲಸ ನಡೆಯಿತು. ೧೯೩೩ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಬೆಂಗಳೂರಿಗೆ ತಿಪ್ಪಗೊಂಡನಹಳ್ಳಿಯ ನೀರು ಬಂದಿತು. ಆದರೆ ನಿರುದ್ಯೋಗಿ ತರುಣರನ್ನು ಕಲೆಹಾಕಿ, ಉಣ್ಣಿಸಿ, ಅಕ್ಷರ ಕಲಿಸಿ, ಕಾಡಿನ ಕೆಲಸಕ್ಕೆ ಹಚ್ಚುವ ಶಿಬಿರವೆಂಬುದು ಇಲ್ಲಿ ಆಗಲಿಲ್ಲ. ಯುದ್ಧ ಮಾತ್ರ ಬಂದಿತು. ೧೯೩೯ರಲ್ಲಿ ಸುಮಾರು ಎರಡು ಲಕ್ಷವಿದ್ದ ಭಾರತೀಯ ಸೈನ್ಯವು ೧೯೪೫ರ ವೇಳೆಗೆ ೨೫ ಲಕ್ಷವಾಯಿತು. ಕಡ್ಡಾಯ ಭರ್ತಿಯಿಲ್ಲದೆ ಇಷ್ಟು ಜನ ಸೇರಿದರೆಂದರೆ ಅದರ ಹಿಂದೆ ತಿಂಗಳ ಸಂಬಳದ ಆಸೆಯೂ, ಮನೆಗೆ ಹೋಗುವ ಮನಿಯಾರ್ಡರೂ ಇತ್ತೆಂಬುದು ಸ್ಪಷ್ಟ. ಮೈಸೂರಿನ ಪದಾತಿ ದಳವೊಂದು ಸಿಂಗಪುರದ ರಕ್ಷಣೆಯಲ್ಲಿದ್ದು ೧೯೪೨ರ ಫೆಬ್ರವರಿಯಲ್ಲಿ ಆ ಕೋಟೆಯೊಡನೆ ಶತ್ರುವಶವಾಯಿತು. ಅಮೆರಿಕದ ಹುಡುಗನ ಕಥೆಯಲ್ಲಿ ಹಸಿವಿಗೂ ಬಂದೂಕಿಗೂ ನಡುವೆ ಒಂದು ಕಾಡು ಇದೆ. ನಮ್ಮವನ ಕಥೆಯಲ್ಲಿ ಅದಿಲ್ಲ.

ಇದನ್ನು ಬರೆಯುತ್ತಿರುವ ಮಲ್ಲೇಶ್ವರದಲ್ಲಿ ನಿಂತು ನೋಡಿದರೆ ಈ ಅಭಾವ ಇನ್ನಷ್ಟು ಸ್ಪಷ್ಟವಾಗುತ್ತದೆ. ಬಡಾವಣೆಗೆ ಹೆಸರು ಕೊಟ್ಟ ದೇವರೇ ಕಾಡು ಮಲ್ಲೇಶ್ವರ. ೧೬೬೯ರಲ್ಲಿ ಆ ದೇವರಿಗೆ ಗ್ರಾಮವನ್ನು ದತ್ತಿಬಿಟ್ಟ ಏಕೋಜಿಯಾದರೋ ದಂಡನಾಯಕ. ಹದಿನೆಂಟನೆಯ ಅಡ್ಡರಸ್ತೆಯ ಬಳಿ ೧೯೩೮ರಲ್ಲಿ ಮೈಸೂರು ಸರ್ಕಾರವು ಅರಣ್ಯ ಸಂಶೋಧನಾಲಯವನ್ನು ತೆರೆಯಿತು. ಅಲ್ಲಿಂದ ನಡೆದು ಹೋಗುವಷ್ಟು ದೂರದ ವಿಜ್ಞಾನ ಮಂದಿರದಲ್ಲಿ ೧೯೪೨ರಲ್ಲಿ ವಿಮಾನ ವಿಜ್ಞಾನದ ಶಾಖೆ ಪ್ರಾರಂಭವಾಯಿತು. ಊರಿನ ಇನ್ನೊಂದು ತುದಿಯಲ್ಲಿ ೧೯೪೦ರ ಡಿಸೆಂಬರಿನಲ್ಲಿ ಹುಟ್ಟಿದ್ದ ವಿಮಾನ ಕಾರ್ಖಾನೆಯು ೧೯೪೩ರಿಂದ ಅಮೆರಿಕದ ಸೈನ್ಯದ ಆಡಳಿತದಲ್ಲಿ ಯುದ್ಧವಿಮಾನಗಳ ದುರಸ್ತಿ ಮಾಡಿತು. ಕಾಡಿನ ವಿದ್ಯೆಯೂ ಯುದ್ಧದ ವಿದ್ಯೆಯೂ ನಾಲ್ಕೇ ವರ್ಷಗಳ ಅಂತರದಲ್ಲಿ ನೆರೆಹೊರೆಯಾಗಿ ಬಂದವು. ಆದರೆ ಮೊದಲನೆಯದು ಸಾವಿರಾರು ತರುಣರ ಕೈಗೆ ಗುದ್ದಲಿ ಕೊಡುವ ಕಾರ್ಯಕ್ರಮವಾಗಿ ಬೆಳೆಯಲಿಲ್ಲ. ಎರಡನೆಯದಕ್ಕೆ ಹಣ, ಜನ, ಅವಸರ ಎಲ್ಲವೂ ಒದಗಿದವು. ಯುದ್ಧಕ್ಕೆ ಸಲ್ಲದ ಕೆಲಸಕ್ಕೆ ತನ್ನಷ್ಟಕ್ಕೆ ಬೆಲೆಯಿಲ್ಲವೆಂಬ ಭಾವನೆ ಕಥೆಗಳಲ್ಲಿ ಮಾತ್ರವಲ್ಲ, ಲೆಕ್ಕಪತ್ರಗಳಲ್ಲಿಯೂ ಇರುತ್ತದೆಂದು ಇದರಿಂದ ತಿಳಿಯಬೇಕು.

೬

ಈ ಭಾವನೆಗೆ ಪ್ರತಿಯಾಗಿ ನಿಲ್ಲಬಲ್ಲ ಬೇರೊಂದು ದೃಷ್ಟಿ ನಮ್ಮ ಪರಂಪರೆಯಲ್ಲಿದೆ. ನಮ್ಮಲ್ಲಿ ವೀರಗಲ್ಲು ರಣದಲ್ಲಿ ಮಡಿದವನಿಗೆ ಮಾತ್ರ ಮೀಸಲಾದುದಲ್ಲ. ತುರು ಕಾಯ್ದು ಬಿದ್ದವನಿಗೂ, ಹುಲಿಯೊಡನೆ ಹೋರಾಡಿ ಸತ್ತವನಿಗೂ ಕಲ್ಲು ನಿಲ್ಲಿಸಿದ್ದಾರೆ. ಹತ್ತನೆಯ ಶತಮಾನದ ಆತಕೂರಿನ ಶಾಸನವು ಇದಕ್ಕೆ ಅಪೂರ್ವ ನಿದರ್ಶನ. ತಕ್ಕೋಲದ ಮಹಾಯುದ್ಧದ ವೃತ್ತಾಂತ ಆ ಕಲ್ಲಿನಲ್ಲಿದೆ. ಆದರೆ ಕಲ್ಲಿನ ಮೇಲೆ ಕೆತ್ತಿರುವ ಚಿತ್ರ ಕಾಡುಹಂದಿಯೊಡನೆ ಸೆಣಸುತ್ತಿರುವ ಕಾಳಿ ಎಂಬ ಬೇಟೆನಾಯಿಯದು. ರಾಜರ ಯುದ್ಧವೂ ನಾಯಿಯ ಹೋರಾಟವೂ ಒಂದೇ ಕಲ್ಲಿನಲ್ಲಿ ನಿಂತಿವೆ. ಒಂದು ಮತ್ತೊಂದಕ್ಕೆ ಮೆಟ್ಟಿಲಾಗಿಲ್ಲ. ೧೯೩೭ರ ಆಗಸ್ಟಿನಲ್ಲಿ ವಯೋಮಿಂಗಿನ ಕಾಡಿನಲ್ಲಿ ಎದ್ದ ಬ್ಲ್ಯಾಕ್‌ವಾಟರ್ ಕಾಳ್ಗಿಚ್ಚಿನಲ್ಲಿ ಹದಿನೈದು ಮಂದಿ ಸತ್ತರು. ಅವರಲ್ಲಿ ಶಿಬಿರದ ಯುವಕರೂ ಇದ್ದರು. ಅವರಿಗೆ ಎರಡನೆಯ ಮೆಟ್ಟಿಲು ಬರಲೇ ಇಲ್ಲ. ಸೋಪಾನಕ್ರಮದಲ್ಲಿ ಆ ಬಾಳುಗಳು ಅಪೂರ್ಣ. ವೀರಗಲ್ಲಿನ ದೃಷ್ಟಿಯಲ್ಲಿ ಅವು ಪೂರ್ಣ.

'ಕೆರೆಗೆ ಹಾರ'ವೆಂಬ ಜನಪದ ಕಥನಗೀತವನ್ನು ಅರಿಯದ ಕನ್ನಡ ವಾಚಕರಿಲ್ಲ. ಮಲ್ಲನಗೌಡನು ಕಟ್ಟಿಸಿದ ಕೆರೆಗೆ ನೀರು ಬಾರದೆ, ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಡುತ್ತಾರೆ. ಅವಳ ಗಂಡ ಮಾದೇವರಾಯ ಆಗ ಇರುವುದು ದಂಡಿನಲ್ಲಿ. ಕೆಟ್ಟ ಕನಸು ಕಂಡು ಕುದುರೆಯೇರಿ ಬಂದವನು ನಿಜವನ್ನು ತಿಳಿದು ಆ ಕೆರೆಗೇ ಹಾರುತ್ತಾನೆ. ಕಟ್ಟುವ ಕೆಲಸವೂ ಸೈನ್ಯಸೇವೆಯೂ ಒಂದೇ ಮನೆಯಲ್ಲಿವೆ. ಆದರೆ ಕಥೆಯ ಭಾರವೆಲ್ಲ ಕೆರೆಯ ಮೇಲಿದೆ. ದಂಡಿನಲ್ಲಿ ಮಾದೇವರಾಯನು ಮಾಡಿದ ಪರಾಕ್ರಮವೇನೆಂದು ಗೀತ ಹೇಳುವುದಿಲ್ಲ. ಅವನು ಕೊನೆಗೆ ಮರಳುವುದು ನೀರಿನ ಬಳಿಗೆ. ಲೋಕೋಪಕಾರದ ಕೆಲಸಕ್ಕೂ ಒಂದು ಕ್ರೂರವಾದ ಬೆಲೆಯುಂಟು, ಅದನ್ನು ತೆರುವವರು ಬಲವಿಲ್ಲದವರು ಎಂಬ ಎಚ್ಚರವನ್ನೂ ಅದು ಕೊಡುತ್ತದೆ. ಈ ಎಚ್ಚರವು ಶಿಬಿರದ ಕಥನಗಳಲ್ಲಿ ಅಪರೂಪ.

ಹೀಗಿದ್ದರೂ ಆ ಕಥನಗಳಲ್ಲಿ ಹಲವು ತಮಗರಿವಿಲ್ಲದೆಯೇ ನಮ್ಮ ಗೀತದ ದಾರಿಯನ್ನು ಹಿಡಿಯುತ್ತವೆಂಬುದನ್ನು ಇಲ್ಲಿ ಗಮನಿಸಬೇಕು. ಯುದ್ಧದಿಂದ ಬಂದು, ಸಂಸಾರ ಹೂಡಿ, ಮುದುಕನಾದವನು ಒಂದು ದಿನ ಹಳೆಯ ಶಿಬಿರದ ಜಾಗಕ್ಕೆ ಹೋಗುತ್ತಾನೆ. ಜೋಪಡಿಗಳು ಇಲ್ಲ. ತಾನು ನೆಟ್ಟ ಗಿಡಗಳು ತಲೆಯೆತ್ತಿ ನೋಡುವಷ್ಟು ಬೆಳೆದಿವೆ. ಮಕ್ಕಳಿಗೋ ಮೊಮ್ಮಕ್ಕಳಿಗೋ ಅವನು ಕೈಮಾಡಿ ತೋರಿಸುವುದು ಪದಕವನ್ನಲ್ಲ, ಮರವನ್ನು. ಸೋಪಾನಕ್ರಮವು ಸರಿಯಾಗಿದ್ದಲ್ಲಿ ಕಥೆ ಎರಡನೆಯ ಮೆಟ್ಟಿಲಿನಲ್ಲಿ ಮುಗಿಯಬೇಕಾಗಿತ್ತು. ಅದು ಮೊದಲನೆಯದಕ್ಕೆ ಇಳಿದುಬಂದು ಮುಗಿಯುತ್ತದೆ. ಕಥನದ ಅಂತ್ಯವೇ ಕಥನದ ಚೌಕಟ್ಟನ್ನು ಅಲ್ಲಗಳೆದಂತಾಯಿತು. ಔಚಿತ್ಯವೆಂಬುದು ಕಾವ್ಯದ ಜೀವಿತವಾದರೆ, ಈ ಕಥನಗಳಲ್ಲಿ ಔಚಿತ್ಯ ಕಾಣುವುದು ಈ ಕೊನೆಯ ಪುಟದಲ್ಲಿ.

೭

ಸ್ವತಂತ್ರ ಭಾರತದಲ್ಲಿ ಈ ಪ್ರಶ್ನೆ ಬೇರೆ ಬೇರೆ ರೂಪಗಳಲ್ಲಿ ಮರಳಿ ಬಂದಿದೆ. ೧೯೫೯ರಲ್ಲಿ ಸಿ. ಡಿ. ದೇಶಮುಖರ ಸಮಿತಿಯು ವಿದ್ಯಾರ್ಥಿಗಳಿಗೆ ಕಡ್ಡಾಯ ರಾಷ್ಟ್ರಸೇವೆಯನ್ನು ಸೂಚಿಸಿತು. ಅದು ಜಾರಿಗೆ ಬರಲಿಲ್ಲ. ೧೯೬೯ರಲ್ಲಿ ೩೭ ವಿಶ್ವವಿದ್ಯಾನಿಲಯಗಳಲ್ಲಿ ಸ್ವಯಂಪ್ರೇರಣೆಯ ರಾಷ್ಟ್ರೀಯ ಸೇವಾ ಯೋಜನೆ ಪ್ರಾರಂಭವಾಯಿತು. ೧೯೮೨ರಲ್ಲಿ ನಡೆದದ್ದು ಇವೆಲ್ಲಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರವಾದದ್ದು. ಮಸ್ಸೂರಿಯ ಬೋಳುಬೆಟ್ಟಗಳಲ್ಲಿ ಗಿಡ ನೆಡಲು ನಿವೃತ್ತ ಸೈನಿಕರ ಪರಿಸರ ದಳವೊಂದನ್ನು ಪ್ರಾದೇಶಿಕ ಸೈನ್ಯದಲ್ಲಿ ಕಟ್ಟಲಾಯಿತು. ಬಂದೂಕು ಕೆಳಗಿಟ್ಟವರು ಗುದ್ದಲಿ ಹಿಡಿದರು. ಅಮೆರಿಕದ ಕಥೆಯ ದಿಕ್ಕು ಇಲ್ಲಿ ತಿರುವುಮುರುವಾಯಿತು. ಇದನ್ನೂ ಸಹ ಹೊಸದೊಂದು ಸೋಪಾನವೆಂದು ಕೊಂಡಾಡಲು ನಾವು ಆತುರಪಡಬೇಕಾಗಿಲ್ಲ. ಯುದ್ಧವು ಕಾಡಿಗೆ ಸಿದ್ಧತೆಯಲ್ಲ, ಕಾಡು ಯುದ್ಧಕ್ಕೆ ಸಿದ್ಧತೆಯಲ್ಲ ಎಂಬಷ್ಟನ್ನು ತಿಳಿದರೆ ಸಾಕು.

ವಿಮರ್ಶೆಯ ಕೆಲಸ ಬದುಕಿ ಬಂದವರ ನೆನಪನ್ನು ಹಳಿಯುವುದಲ್ಲ. ಮುಪ್ಪಿನಲ್ಲಿ ಕುಳಿತು ತನ್ನ ಬಾಳಿನ ಚೂರುಗಳನ್ನು ಜೋಡಿಸುವವನಿಗೆ ಒಂದು ಕ್ರಮ ಬೇಕೇ ಬೇಕು. ಕಾಲವು ಒದಗಿಸಿದ ಕ್ರಮವನ್ನು ಅವನು ಸ್ವೀಕರಿಸಿದರೆ ಅದು ಅಪರಾಧವಲ್ಲ. ಆದರೆ ಅವನ ಮಾತನ್ನು ಕೇಳುವ ನಾವು ಎರಡು ಲೆಕ್ಕಗಳನ್ನು ಬೇರೆಬೇರೆಯಾಗಿ ಇಡಬೇಕು. ಹದಿನೆಂಟು ವರ್ಷದ ಹುಡುಗನೊಬ್ಬನು ಒಂದು ಒಣಗಿದ ಇಳಿಜಾರಿನಲ್ಲಿ ಗಿಡ ನೆಟ್ಟು ಮನೆಗೆ ೨೫ ಡಾಲರು ಕಳುಹಿಸಿದ ದಿನ, ಆ ಕೆಲಸ ಅಂದಿಗೇ ಸಾರ್ಥಕವಾಗಿತ್ತು. ಮುಂದೆ ಅವನು ಯಾವ ಸಮುದ್ರತೀರದಲ್ಲಿ ಇಳಿದನೆಂಬುದರಿಂದ ಅದರ ಬೆಲೆ ಏರಲೂ ಇಲ್ಲ, ಇಳಿಯಲೂ ಇಲ್ಲ. ನಮ್ಮ ನಾಡಿನ ಆ ಕಾಲದ ತರುಣರಿಗೆ ಅಂಥ ಒಂದು ದಿನ ದೊರೆಯಲಿಲ್ಲವೆಂಬುದೇ ಈ ಕಥನಗಳನ್ನು ಓದಿ ಮುಗಿಸಿದಾಗ ನಮ್ಮ ಮನಸ್ಸಿನಲ್ಲಿ ಉಳಿಯುವ ವಿಷಾದ.